ತೊಂಬತ್ತಕ್ಕೆ ನಿಂತ ಮುಳ್ಳು

ಕಲ್ಲು ಚಪ್ಪಡಿ ಕೊಯ್ಯುವ ಆ ಯಾರ್ಡಿನಲ್ಲಿ ಎಲ್ಲರೂ ಅವಳನ್ನು ಸಿಡಿಲಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೆ ಬರೀ ಅಕ್ಕ. ಒಮ್ಮೆ ಗೇಟಿನ ಕಾವಲುಗಾರ ಬಾಯಿತಪ್ಪಿ, “ಸಿಡಿಲಕ್ಕ, ಚೀಟಿ ಕೊಡಿ,” ಎಂದುಬಿಟ್ಟ. ಅವಳು ಚೀಟಿ ಕೊಟ್ಟು, “ಸಿಡಿಲು ಹೇಳದೇ ಬರುತ್ತೆ ಕಣಯ್ಯ, ನಾನು ಹಾರ್ನ್ ಹೊಡ್ಕೊಂಡೇ ಬರ್ತೀನಿ,” ಎಂದು ಗಾಡಿ ಒಳಗೆ ಬಿಟ್ಟಳು. ಆಮೇಲೆ ಅವನು ಎರಡು ದಿನ ಅವಳ ಮುಖ ನೋಡಲಿಲ್ಲ.

ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ. ಡೀಸೆಲ್ ಪಿಕಪ್ಪಿನ ಹಿಂದೆ ಟ್ರೇಲರ್ ಕಟ್ಟಿ, ಅದರ ಮೇಲೆ ಚಪ್ಪಡಿ ಹೇರಿಕೊಂಡು, ಒಂಬತ್ತು ಕಿಲೋಮೀಟರ್ ಏರು ಹತ್ತಿ ಗುಡ್ಡದಾಚೆ ಇಳಿಸಿ ಬರುವುದು. ಅಪ್ಪನೂ ಡ್ರೈವರ್ ಆಗಿದ್ದ. ಮಕ್ಕಳಿಬ್ಬರಿಗೂ ಗಾಡಿಯ ವಿದ್ಯೆ ಕಲಿಸಿದ್ದ. ಅಕ್ಕ ಸ್ಟೇರಿಂಗ್ ಹಿಡಿದಳು, ತಮ್ಮ ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ನುಗ್ಗಿದ. ತಮ್ಮನಿಗೆ ಈಗ ನಲವತ್ತಾದರೂ ಯಾರ್ಡಿಗೆಲ್ಲ ಅವನು ಪುಟ್ಟನೇ. ಮೆಕ್ಯಾನಿಕ್ ಕೆಲಸಕ್ಕೆ ಅವನನ್ನು ಅಲ್ಲಿಗೆ ಸೇರಿಸಿದವಳೂ ಅವಳೇ. ಒಂದೇ ಮನೆ, ಮಹಡಿಯ ಮೇಲೆ ಅವಳು, ಕೆಳಗೆ ಪುಟ್ಟ ಮತ್ತು ಅವನ ಹೆಂಡತಿ.

ಗಾಡಿಯ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಸಣ್ಣದೊಂದು ಮೀಟರು, ಗೇರ್‌ಬಾಕ್ಸಿನ ಎಣ್ಣೆ ಎಷ್ಟು ಬಿಸಿಯಾಗಿದೆ ಎಂದು ತೋರಿಸುವಂಥದ್ದು. ರಸ್ತೆ ನೋಡಿದಷ್ಟೇ ಸಲ ಅವಳು ಅದರ ಮುಳ್ಳನ್ನೂ ನೋಡುತ್ತಿದ್ದಳು. ಖಾಲಿ ಗಾಡಿಯಲ್ಲಿ ಎಂಬತ್ತು, ತೊಂಬತ್ತು ಡಿಗ್ರಿ. ಭಾರ ಹೇರಿ ಏರು ಹತ್ತುವಾಗ ನೂರು ದಾಟುವುದು ಸಹಜ, ನೂರ ಹತ್ತಾದರೂ ಗಾಬರಿಯಿಲ್ಲ. ನೂರ ಇಪ್ಪತ್ತಕ್ಕೆ ಬಂತೋ, ಆರನೇ ಕಿಲೋಮೀಟರಿನ ಅಗಲದ ತಿರುವಿನಲ್ಲಿ ಪಕ್ಕಕ್ಕೆ ಹಾಕಿ, ನ್ಯೂಟ್ರಲ್ ಮಾಡಿ, ಇಂಜಿನ್ನನ್ನು ತುಸು ಜೋರಾಗಿ ಓಡಿಸುತ್ತ ಕೂರುತ್ತಿದ್ದಳು. ಎಣ್ಣೆ ಕೂಲರಿನಲ್ಲಿ ಸುತ್ತಿ ಸುತ್ತಿ ಹತ್ತು ಹದಿನೈದು ನಿಮಿಷಕ್ಕೆ ತಣ್ಣಗಾಗುತ್ತಿತ್ತು. ಉಳಿದ ಮೂರು ಗಾಡಿಯವರಿಗೂ ಹೀಗೇ ಮಾಡಲು ಬೈದು ಬೈದು ಕಲಿಸಿದ್ದಳು.

ಹೊಸ ಮ್ಯಾನೇಜರಿಗೆ ಆ ಹದಿನೈದು ನಿಮಿಷ ಕಣ್ಣಿಗೆ ಬಿದ್ದ ಕಸದಂತಾಯಿತು. ಬಂದ ತಿಂಗಳಲ್ಲೇ ಗೋಡೆಗೆ ಬೋರ್ಡು ಹಾಕಿಸಿ, ದಿನಕ್ಕೆ ಯಾವ ಗಾಡಿ ಎಷ್ಟು ಟ್ರಿಪ್ಪು ಎಂದು ಬರೆಸಿದ. ಹನ್ನೆರಡು ಚಪ್ಪಡಿಯ ಲೋಡನ್ನು ಹದಿನಾರಕ್ಕೇರಿಸಿದ.

“ಹದಿನಾರು ಹಾಕಿದ್ರೆ ದಾರೀಲಿ ಎರಡು ಸಲ ನಿಲ್ಲಿಸ್ಬೇಕಾಗುತ್ತೆ ಸಾರ್,” ಎಂದಳು.

“ಗಾಡಿ ನಿಲ್ಲಲ್ಲಮ್ಮ, ಡ್ರೈವರ್‌ಗಳು ನಿಲ್ಲಿಸ್ತಾರೆ,” ಎಂದು ಅವನು ನಕ್ಕ. ಆ ನಗು ಅವಳಿಗೆ ಮನೆಗೆ ಹೋದರೂ ಅರಗಲಿಲ್ಲ.

ಅದಾದ ಕೆಲವು ದಿನಕ್ಕೆ ಒಂದು ವಿಚಿತ್ರ ನಡೆಯಿತು. ಹದಿನಾರು ಚಪ್ಪಡಿ ಹೇರಿಕೊಂಡು ಏರು ಹತ್ತಿದರೂ ಮುಳ್ಳು ತೊಂಬತ್ತು ಬಿಟ್ಟು ಅಲುಗಲಿಲ್ಲ. “ಎಣ್ಣೆ ಬದಲಾಯಿಸಿದೀನಿ ಅಕ್ಕ, ಕೂಲರ್ ತೊಳೆದಿದೀನಿ,” ಎಂದ ಪುಟ್ಟ. ಅವಳಿಗೆ ಹೆಮ್ಮೆ ಉಕ್ಕಿತು. ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ, “ನಮ್ಮ ಅಪ್ಪನ ಕೈ ಇವನಿಗೆ ಬಂದಿದೆ,” ಎಂದು ಹೊಗಳಿದಳು. ಸುಲಭಕ್ಕೆ ಯಾರನ್ನೂ ಹೊಗಳುವ ಬಾಯಲ್ಲ ಅದು. ಪುಟ್ಟ ತಲೆ ತಗ್ಗಿಸಿದ, ನಾಚಿಕೆ ಎಂದುಕೊಂಡಳು. ತಿರುವಿನಲ್ಲಿ ನಿಲ್ಲಿಸುವುದನ್ನು ಬಿಟ್ಟಳು. ಅವಳನ್ನು ನೋಡಿ ಉಳಿದವರೂ ಬಿಟ್ಟರು.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಕೊರೆಯುವ ಚಳಿ. ಬಾನೆಟ್ ಎತ್ತಿ ಗೇರ್‌ಬಾಕ್ಸಿನ ಅಳತೆಕಡ್ಡಿ ಎಳೆದು ಬಟ್ಟೆಗೆ ಒರೆಸಿದಳು. ಕೆಂಪಗಿರಬೇಕಾದ ಎಣ್ಣೆ ಕಾಫಿ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಹಿಡಿದರೆ ಸೀದ ವಾಸನೆ. ಮೂರು ವಾರದ ಎಣ್ಣೆ ಹೀಗಾಗಲು ಸಾಧ್ಯವೇ? ಒಳಗೆ ಕೂತು ಕೀ ತಿರುಗಿಸಿದಳು, ಇಂಜಿನ್ ಇನ್ನೂ ಶುರು ಮಾಡಿರಲಿಲ್ಲ. ರಾತ್ರಿಯಿಡೀ ಮಂಜಿನಲ್ಲಿ ನಿಂತು ಗಾಜಿನ ಮೇಲೆ ನೀರು ಇಳಿಯುತ್ತಿದ್ದ ಆ ಗಾಡಿಯ ಮುಳ್ಳು ಟಕ್ಕನೆ ಎದ್ದು ತೊಂಬತ್ತಕ್ಕೆ ನಿಂತಿತು.

ಅವಳು ಇಳಿದು, ಟಾರ್ಚು ಹಿಡಿದು ಗಾಡಿಯ ಕೆಳಗೆ ಹೋದಳು. ಎಣ್ಣೆಯ ಬಿಸಿಯನ್ನು ಮೀಟರಿಗೆ ತಿಳಿಸುವ ಸೆನ್ಸರಿನ ವೈರನ್ನು ಯಾರೋ ಕತ್ತರಿಸಿದ್ದರು. ತುದಿಗೆ ಅಕ್ಕಿಕಾಳಿನಷ್ಟು ದಪ್ಪದ ಒಂದು ಬಿಡಿಭಾಗ ಬೆಸುಗೆ ಹಾಕಿ, ಮೇಲೆ ನೀಟಾಗಿ ಟೇಪು ಸುತ್ತಿದ್ದರು. ಎಣ್ಣೆ ಕುದಿಯಲಿ, ಹೆಪ್ಪುಗಟ್ಟಲಿ, ಮೀಟರು ತೊಂಬತ್ತೇ ಹೇಳುವ ಹಾಗೆ. ಟೇಪಿನ ತುದಿಯನ್ನು ಒಳಕ್ಕೆ ಮಡಚಿದ್ದ ರೀತಿ ನೋಡಿದ್ದೇ ಅವಳ ಮೈಯೆಲ್ಲ ಉರಿಯಿತು. ಹಾಗೆ ಮಡಚಲು ಅಪ್ಪ ಕಲಿಸಿದ್ದು ಈ ಭೂಮಿಯ ಮೇಲೆ ಇಬ್ಬರಿಗೇ.

ಶೆಡ್ಡಿನಲ್ಲಿ ಪುಟ್ಟ ಚಹಾ ಹಿಡಿದು ನಿಂತಿದ್ದ. ಅವಳು ಕಿತ್ತು ತಂದಿದ್ದ ಆ ತುಂಡನ್ನು ಅವನ ಎದೆಗೆ ಎಸೆದಳು.

“ಏನೋ ಇದು?”

ಅವನು ಲೋಟ ಕೆಳಗಿಟ್ಟ. “ಮ್ಯಾನೇಜರ್ ಹೇಳಿದ್ರು ಅಕ್ಕ. ಮೀಟರೇ ಸರಿ ಇಲ್ಲ, ಸುಮ್ನೆ ಹೆದರಿಸುತ್ತೆ, ಅದನ್ನ ಸುಮ್ಮನಿರಿಸು, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ ಅಂದ್ರು...”

“ಅವನು ಹೇಳಿದ, ನೀನು ಮಾಡಿದೆ! ಆ ಮೀಟರ್ ನೋಡ್ಕೊಂಡು ಗಾಡಿ ಹತ್ತಿಸೋಳು ಯಾರು ಅಂತ ನಿಂಗೆ ಗೊತ್ತಿರ್ಲಿಲ್ವಾ? ಊಟಕ್ಕೆ ಕೂತಾಗ ನಾನು ಹೊಗಳ್ತಿದ್ರೆ ಹೇಗಪ್ಪಾ ತುತ್ತು ಇಳೀತು ಗಂಟಲಲ್ಲಿ?”

“ಹೇಳ್ಬೇಕು ಅಂತಿದ್ದೆ ಅಕ್ಕ...”

“ಯಾವಾಗ? ನನ್ನ ಫೋಟೋಗೆ ಹಾರ ಹಾಕುವಾಗಲೋ? ಎಷ್ಟು ಗಾಡಿಗೆ ಮಾಡಿದೀಯ?”

“ನಾಲ್ಕಕ್ಕೂ.”

ಅವಳು ಹೊರಗೆ ನೋಡಿದಳು. ಎರಡು ಗಾಡಿ ನಿಂತಿದ್ದವು, ತನ್ನದು ಮೂರನೆಯದು. ನಾಲ್ಕನೆಯದನ್ನು ಓಡಿಸುವವನು ವಯಸ್ಸಾದ ಗೊರಕೆಯಣ್ಣ. ಲೋಡಾಗುವಷ್ಟರಲ್ಲೇ ಸೀಟಿನಲ್ಲಿ ನಿದ್ದೆ ಹೊಡೆಯುತ್ತಾನೆಂದು ಅವನಿಗೆ ಆ ಹೆಸರು. ಆರು ಗಂಟೆಗೇ ಹದಿನಾರು ಚಪ್ಪಡಿ ಹೇರಿಕೊಂಡು ಹೊರಟಿದ್ದ. ಫೋನ್ ಮಾಡಿದಳು, ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟದ ಮನುಷ್ಯ ಆ ಯಾರ್ಡಿನಲ್ಲಿ ಅವನೊಬ್ಬನೇ.

ಟ್ರೇಲರ್ ಕಳಚಿ ಎಸೆದಂತೆ ಬಿಟ್ಟು, “ಹತ್ತು,” ಎಂದಳು ತಮ್ಮನಿಗೆ. “ಬಿಸಿ ಅಳೆಯೋ ಗನ್ ತಗೋ. ಬೆಂಕಿ ಆರಿಸೋ ಸಿಲಿಂಡರ್ ತಗೋ. ಬಾಯಿ ಮಾತ್ರ ಬಿಡಬೇಡ.”

ಏಳನೇ ಕಿಲೋಮೀಟರಿನಲ್ಲಿ ಹೊಗೆ ಕಂಡಿತು. ಗೊರಕೆಯಣ್ಣನ ಗಾಡಿ ಏರಿನ ನಡುಮಧ್ಯೆ ನಿಂತಿತ್ತು. ಕುದ್ದ ಎಣ್ಣೆ ಗೇರ್‌ಬಾಕ್ಸಿನ ಗಾಳಿಕೊಳವೆಯಿಂದ ಉಕ್ಕಿ, ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಹೊತ್ತಿಕೊಂಡಿತ್ತು. ಮುದುಕ ಗೋಣಿಚೀಲ ಹಿಡಿದು ಬೆಂಕಿಗೆ ಬಡಿಯುತ್ತಿದ್ದ. ಅಷ್ಟು ಭಾರವನ್ನು ಹಿಡಿದಿದ್ದದ್ದು ಹ್ಯಾಂಡ್‌ಬ್ರೇಕ್ ಒಂದೇ. ಟ್ರೇಲರ್ ಅಂಗುಲ ಅಂಗುಲವಾಗಿ ಹಿಂದಕ್ಕೆ ಜಾರುತ್ತಿತ್ತು.

ಅವಳು ಹಾರಿ ಇಳಿದು, ರಸ್ತೆ ಬದಿಯ ಕಲ್ಲುಗಳನ್ನು ಎದೆಗವಚಿ ತಂದು ತಂದು ಚಕ್ರಗಳ ಹಿಂದೆ ಒಗೆದಳು. ಪುಟ್ಟ ಮೊಣಕಾಲೂರಿ ಗಾಡಿಯ ಕೆಳಗೆ ಸಿಲಿಂಡರ್ ಖಾಲಿ ಮಾಡಿದ. ಬೆಂಕಿ ಆರಿದಾಗ ಗೊರಕೆಯಣ್ಣ ರಸ್ತೆಯ ಮೇಲೆ ಕೂತಿದ್ದ. ಬಲಗೈಯ ಚರ್ಮ ಸುಲಿದು ಜೋತಿತ್ತು.

“ಮುಳ್ಳು ತೊಂಬತ್ತಲ್ಲೇ ಇತ್ತಲ್ಲಮ್ಮ,” ಎಂದ ಅವನು, ತಪ್ಪು ತನ್ನದೇ ಎಂಬಂತೆ. “ನಾನು ನೋಡ್ತಾನೇ ಇದ್ದೆ. ಆಣೆ ಮಾಡಿ ಹೇಳ್ತೀನಿ, ನಿದ್ದೆ ಮಾಡಿಲ್ಲ.”

ಅವಳು ತಮ್ಮನ ಕಡೆ ತಿರುಗಿದಳು. “ಹಿಡಿಯೋ ಗನ್ನು.” ಅವನು ಗೇರ್‌ಬಾಕ್ಸಿನ ತಳಕ್ಕೆ ಹಿಡಿದ. “ಎಷ್ಟು? ಜೋರಾಗಿ ಹೇಳು, ಅಣ್ಣನಿಗೂ ಕೇಳಿಸ್ಲಿ.”

“ನೂರ ಐವತ್ತೆಂಟು,” ಎಂದ ಪುಟ್ಟ.

ಗೊರಕೆಯಣ್ಣನನ್ನು ಆಸ್ಪತ್ರೆಗೆ ಸೇರಿಸಿ ಅವಳು ನೇರ ಆಫೀಸಿಗೆ ಬಂದಳು, ಪುಟ್ಟ ಹಿಂದೆ. ಮ್ಯಾನೇಜರ್ ಆಗಲೇ ಮಾತು ಸಿದ್ಧ ಮಾಡಿಕೊಂಡಿದ್ದ. “ಮೀಟರ್ ನಾರ್ಮಲ್ ತೋರಿಸ್ತಿತ್ತು ಅಂತ ಅವರೇ ಹೇಳಿದಾರಂತೆ. ವಯಸ್ಸಾಗಿದೆ, ಗೇರ್ ತಪ್ಪು ಹಾಕಿರ್ತಾರೆ.”

ಅವಳು ಶೆಡ್ಡಿನ ನೆಲದಿಂದ ಹೆಕ್ಕಿಕೊಂಡಿದ್ದ ಅಕ್ಕಿಕಾಳಿನಷ್ಟು ದಪ್ಪದ ಆ ತುಂಡನ್ನು ಮೇಜಿನ ಮೇಲಿಟ್ಟಳು. “ಇದು ನಾರ್ಮಲ್ಲಾ ಸಾರ್? ಇದನ್ನ ಹಾಕಿಸಿದ್ದು ಯಾರು?”

“ನನಗೇನು ಗೊತ್ತು? ಮೆಕ್ಯಾನಿಕ್ಕನ್ನ ಕೇಳಿ.”

“ಹೇಳೋ ಪುಟ್ಟ.”

ಪುಟ್ಟ ತನ್ನ ಬೂಟುಗಳನ್ನು ನೋಡುತ್ತ ನಿಂತ. ಅವಳು ಕಾದಳು. ಮ್ಯಾನೇಜರ್ ಕಾಗದ ಜೋಡಿಸತೊಡಗಿದ.

“ನೋಡಿದ್ರಾ? ಸ್ವಂತ ತಮ್ಮನೇ ಸುಮ್ನಿದಾನೆ.”

ಆಗ ಬಂದ ಸಿಟ್ಟಿಗೆ ಅವಳಲ್ಲಿ ಬೈಗುಳವೇ ಇರಲಿಲ್ಲ. ಗಾಡಿಯ ಕೀ ಮೇಜಿನ ಮೇಲಿಟ್ಟು, ತಮ್ಮನ ಮುಖ ನೋಡದೆ ಹೊರಗೆ ಬಂದಳು. ಉಳಿದಿಬ್ಬರು ಡ್ರೈವರ್‌ಗಳೂ ಕೀ ಇಟ್ಟರು. ಯಾರ್ಡಿನಲ್ಲಿ ಒಂದು ಚಪ್ಪಡಿಯೂ ಅಲುಗಲಿಲ್ಲ.

ಮೂರನೇ ದಿನ ಪುಟ್ಟ ತಾನಾಗಿ ಯಾರ್ಡಿಗೆ ಹೋಗಿ, ಉಳಿದ ಗಾಡಿಗಳ ವೈರು ಸರಿಮಾಡಿ, ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಮಾಲೀಕರ ಕೈಗೇ ಕೊಟ್ಟು ಬಂದ. ಮಾಲೀಕರು ಅವಳನ್ನು ಕರೆಸಿದರು. ಹನ್ನೆರಡರ ಮೇಲೆ ಒಂದು ಚಪ್ಪಡಿಯೂ ಇಲ್ಲ, ಪ್ರತಿ ಬೆಳಿಗ್ಗೆ ಇಂಜಿನ್ ಶುರುವಾಗುವ ಮೊದಲು ಮೀಟರನ್ನು ಡ್ರೈವರೇ ನೋಡಬೇಕು, ಬಿಸಿಯಾದರೆ ನಿಲ್ಲಿಸಿದವರನ್ನು ಯಾರೂ ಕೇಳುವಂತಿಲ್ಲ ಎಂದು ಬರೆಸಿಕೊಂಡೇ ಅವಳು ಕೀ ತೆಗೆದುಕೊಂಡಳು. ಮ್ಯಾನೇಜರನ್ನು ಇನ್ನೊಂದು ಯಾರ್ಡಿಗೆ ಕಳಿಸಿದರು, ಅದೇ ಕುರ್ಚಿಗೆ. ಅದನ್ನು ಕೇಳಿದ ದಿನ ಅವಳು ಟ್ರೇಲರಿನ ಟೈರಿಗೆ ಒದ್ದು ಕಾಲು ಉಳುಕಿಸಿಕೊಂಡಳು.

ಗೊರಕೆಯಣ್ಣನ ಕೈ ವಾಸಿಯಾಯಿತು, ಎರಡು ಬೆರಳು ಮಡಚಲು ಬಾರದಾದವು. ಈಗ ಗೇಟಿನಲ್ಲಿ ಚೀಟಿ ನೋಡುತ್ತಾನೆ. ಒಮ್ಮೆ ಅವಳನ್ನು ನಿಲ್ಲಿಸಿ, “ಬಿಟ್ಬಿಡಮ್ಮ, ಅವನೂ ಬರೆದು ಕೊಟ್ನಲ್ಲ. ನಾನೇ ಕ್ಷಮಿಸಿದೀನಿ,” ಎಂದ.

“ಸುಟ್ಟಿದ್ದು ನಿನ್ನ ಕೈ ಅಣ್ಣ, ನೀನು ಕ್ಷಮಿಸು. ಹೊಗಳಿದ ಬಾಯಿ ನನ್ನದು.”

ಎಂಟು ತಿಂಗಳು ಅವಳು ತಮ್ಮನ ಜೊತೆ ಮಾತಾಡಲಿಲ್ಲ. ಒಂದೇ ಮನೆ, ಒಂದೇ ಮೆಟ್ಟಿಲು. ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಹತ್ತಿ ಬರುತ್ತಿದ್ದಳು. “ಅವರು ರಾತ್ರಿ ನಿದ್ದೆ ಮಾಡಲ್ಲ ಅಕ್ಕ,” ಎಂದರೆ, “ಒಳ್ಳೇದು, ಮಾಡಬಾರದು,” ಎಂದು ಡಬ್ಬಿ ತೆಗೆದುಕೊಂಡು ಬಾಗಿಲು ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಗಾಡಿಯ ಕೂಲರ್ ಪೈಪು ಸೋರತೊಡಗಿತು. ಅಷ್ಟು ದಿನ ಅವಳ ಗಾಡಿ ನೋಡುತ್ತಿದ್ದ ಇನ್ನೊಬ್ಬ ಮೆಕ್ಯಾನಿಕ್ ಅಂದು ಬಂದಿರಲಿಲ್ಲ. ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ ಇಳಿದಳು. ಪುಟ್ಟ ಹಲಗೆಯ ಮೇಲೆ ಮಲಗಿ ಕೆಳಗೆ ನುಗ್ಗಿದ. ಅವಳೂ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕದಲ್ಲೇ ಬಗ್ಗಿ, ಟಾರ್ಚು ಹಿಡಿದು ಅವನ ಕೈಗಳನ್ನೇ ನೋಡುತ್ತ ಕೂತಳು. ಒಂದು ನಟ್ಟು ಬಿಗಿಯುವುದನ್ನೂ ಬಿಡದೆ ನೋಡಿದಳು.

“ಆಯ್ತು ಅಕ್ಕ,” ಎಂದ ಅವನು.

“ಆಗಿಲ್ಲ. ಆ ಕ್ಲಿಪ್ಪು ಇನ್ನೊಂದು ಸುತ್ತು ಬಿಗಿ.”

ಎಂಟು ತಿಂಗಳಲ್ಲಿ ಅವಳಾಡಿದ ಮೊದಲ ಮಾತು ಅದು. ಅವನು ಬಿಗಿದ. ಅವಳು ಕೈಹಾಕಿ ಎಳೆದು ನೋಡಿ, ಅಲುಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೋಗಿ ಲೋಡಿನ ಸಾಲಿನಲ್ಲಿ ಗಾಡಿ ನಿಲ್ಲಿಸಿದಳು.