ಅಟ್ಟ ಹತ್ತಿಸಿ ಏಣಿ ತೆಗೆದವನು

ನಂಬಿ ಎಂದು ಯಾರನ್ನೂ ಗೋಗರೆಯುವುದಿಲ್ಲ. ನಗುವವರು ನಗಲಿ. ಇದು ಕಣಕಟ್ಟೆಯ ನಮ್ಮ ಮನೆಯಲ್ಲಿ, ನನಗೇ ಆದದ್ದು.

ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹರಡಿ, ವರ್ಷದ ಹತ್ತಿರ ಒಣಗಿಸಿ ಕೊಬ್ಬರಿ ಮಾಡುತ್ತೇವೆ. ಕಳ್ಳರ ಭಯಕ್ಕೆ ದಿನಾ ಸಂಜೆ ಏಣಿ ತೆಗೆದಿಡುವುದು ರೂಢಿ. ಹದಿನಾರನೇ ವಯಸ್ಸಿನಲ್ಲಿ ಅದು ನನ್ನ ಕೆಲಸವಾಗಿತ್ತು.

ಒಂದು ಸಂಜೆ ನನ್ನ ಸೋದರತ್ತೆ ಗೌರಮ್ಮ ಅಟ್ಟದ ಮೇಲಿದ್ದಳು. ನಾನು ಬೀಡಿ ಸೇದಿದ್ದನ್ನು ಅಪ್ಪನಿಗೆ ಹೇಳಿ, ಬಾಸುಂಡೆ ಬರುವಂತೆ ಹೊಡೆಸಿದ್ದವಳು ಅವಳೇ. ಆ ಸಿಟ್ಟಿಗೆ ಬೇಕೆಂದೇ ಏಣಿ ತೆಗೆದೆ.

"ಮಲ್ಲೇಶಾ, ಏಣಿ ಮಡಗ್ಲಾ..."

ಕೇಳಿಸದವನಂತೆ ಹೊರಟುಹೋದೆ. ವಾಪಸು ಬಂದಾಗ ಅತ್ತೆ ನೆಲದ ಮೇಲೆ ಬಿದ್ದಿದ್ದಳು. ಉಸಿರಿರಲಿಲ್ಲ. ಯಾರೂ ನೋಡುವ ಮೊದಲು ಏಣಿ ತಂದು ಒರಗಿಸಿದೆ. ಕಾಲು ಜಾರಿ ಸತ್ತಳು ಎಂದರು ಎಲ್ಲರೂ. ಈ ಸತ್ಯವನ್ನು ಮುಂದೆ ಹೆಂಡತಿಗೂ ಹೇಳಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನನ್ನ ಮಗಳು ದಿವ್ಯಾಗೆ ನಾಲ್ಕು ತುಂಬಿತ್ತು. "ನಾನು ಮೊದ್ಲೂ ಈ ಮನೇಲೇ ಇದ್ದೆ" ಎನ್ನತೊಡಗಿದಳು. ಅತ್ತೆ ಎಲೆಅಡಿಕೆ ಚೀಲ ಬಚ್ಚಿಡುತ್ತಿದ್ದ ಗೂಡನ್ನು ತೋರಿಸಿದಳು.

"ನಮ್ ಗೌರೀನೇ ಹುಟ್ಟಿ ಬಂದವ್ಳೆ ಕಣೋ" ಎಂದು ಅವ್ವ ಕಣ್ಣೊರೆಸಿಕೊಂಡಳು. ನಾನು ಮಾತ್ರ ಮಗುವಿನ ಮುಖ ನೋಡಲಾರದೆ ಎದ್ದು ಹೊರಗೆ ಹೋದೆ. ಅಷ್ಟರಲ್ಲಾಗಲೇ ಮಗು ನನ್ನನ್ನು ಅಪ್ಪ ಅನ್ನುವುದನ್ನೇ ಬಿಟ್ಟಿತ್ತು. ನಾನು ಕೊಟ್ಟ ತುತ್ತನ್ನು ಉಗುಳುತ್ತಿತ್ತು.

ಒಂದು ಸಂಜೆ ಅವ್ವ, ಹೆಂಡತಿ ಇಬ್ಬರೂ ದೇವಸ್ಥಾನಕ್ಕೆ ಹೋಗಿದ್ದರು. ಕರೆಂಟು ಇರಲಿಲ್ಲ. ಕಾಯಿ ಒಣಗಿವೆಯೇ ನೋಡೋಣವೆಂದು ಟಾರ್ಚು ಹಿಡಿದು ಅಟ್ಟ ಹತ್ತಿದೆ. ಹಳೇ ಹೊಗೆ, ಕಮಟು ಎಣ್ಣೆಯ ವಾಸನೆ... ಕಾಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಲೊಟಲೊಟ; ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿತ್ತು.

ಕೆಳಗೆ ಏನೋ ಕೆರೆದಂತಾಯಿತು. ಕರ್ರ್... ಕರ್ರ್... ಆಮೇಲೆ ದಢ್.

ಬಗ್ಗಿ ಟಾರ್ಚು ಬಿಟ್ಟೆ. ಏಣಿ ನೆಲದ ಮೇಲಿತ್ತು. ಪಕ್ಕದಲ್ಲಿ ದಿವ್ಯಾ ನಿಂತಿದ್ದಳು.

"ಪುಟ್ಟಾ, ಆಚೆ ಹೋಗಿ ಯಾರನ್ನಾದ್ರೂ ಕರಿಯಮ್ಮಾ..."

"ಅವತ್ತು ನಾನೂ ಕರ್ದೆ ಕಣ್ಲಾ, ಮಲ್ಲೇಶಾ."

ದನಿ ಮಗುವಿನದೇ.

"ನಿಂಗೆ ಕೇಳ್ತು. ಬಾಗ್ಲಲ್ಲಿ ನಿಂತು ತಿರುಗಿ ನೋಡ್ದೆ. ಆಮ್ಯಾಕೆ ಹೋದೆ."

ಹೌದು, ತಿರುಗಿ ನೋಡಿದ್ದೆ. ಅದು ಗೊತ್ತಿದ್ದದ್ದು ನನಗೆ ಮತ್ತು ಸತ್ತವಳಿಗೆ ಮಾತ್ರ.

ಅವಳು ಚಕ್ಕಳಮಕ್ಕಳ ಹಾಕಿ ಕೂತಳು. "ಎಗರು. ನಾನೂ ಹಿಂಗೇ ಎಗರಿದ್ದು" ಎಂದಳು.

ಹೆಂಡತಿ ಬರುವವರೆಗೂ ಅವಳು ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಳು. "ಇಷ್ಟು ಭಾರದ ಏಣಿ ಹೆಂಗ್ರೀ ಬಿತ್ತು?" ಎಂದು ಹೆಂಡತಿ ಕೇಳಿದಳು. ನಾನೇ ಏದುತ್ತಾ ಎತ್ತುವ ಏಣಿ ಅದು.

ದಿವ್ಯಾ ಈಗ ದೊಡ್ಡವಳು. ಯಾವುದೂ ನೆನಪಿಲ್ಲ ಎನ್ನುತ್ತಾಳೆ, ಅಪ್ಪ ಎಂದೂ ಕರೆಯುತ್ತಾಳೆ. ಆದರೆ ನಾನು ಅಟ್ಟದ ಕಡೆ ಹೆಜ್ಜೆ ಇಟ್ಟರೆ ಸಾಕು, ಎಲ್ಲಿದ್ದರೂ ಬಂದು ಏಣಿಯ ಬುಡ ಹಿಡಿಯುತ್ತಾಳೆ.

"ಹತ್ತಪ್ಪ" ಎನ್ನುತ್ತಾಳೆ. "ನಾನಿದೀನಲ್ಲ."

ಆ ಸಂಜೆಯಿಂದ ನಾನು ಒಂದು ಸಲವೂ ಹತ್ತಿಲ್ಲ.