ಮೊದಲು ನೋವಿಲ್ಲದ ಮಂಡಿ

ಮೊನ್ನೆ ತೀರಿಕೊಂಡ ನಮ್ಮ ಗೆಳೆಯ ಫುಟ್‌ಬಾಲ್ ತಂಡವೊಂದರ ಫಿಸಿಯೋ. ಯಾರೇ ಕುಂಟಿಕೊಂಡು ಬಂದರೂ ಮೊದಲು ನೋವಿಲ್ಲದ ಕಾಲನ್ನೇ ಮುಟ್ಟಿ ನೋಡುತ್ತಿದ್ದ. ಫೈನಲ್‌ನ ಹಿಂದಿನ ದಿನ ಗೋಲ್‌ಕೀಪರ್ ಹುಡುಗಿಯ ಎಡ ಮಂಡಿ ತಿರುಚಿದಾಗಲೂ ಬಲ ಮಂಡಿ ಹಿಡಿದು ಕೂತ.

"ಅಯ್ಯೋ ಸಾರ್, ನೋವು ಈ ಕಡೆ!"

"ಗೊತ್ತು ತಾಯಿ! ನಿನ್ನ ಮಂಡಿ ಮೊದಲಿಂದ ಎಷ್ಟು ಸಡಿಲ ಅಂತ ಇದನ್ನ ನೋಡದೆ ಹೇಗೆ ಹೇಳಲಿ? ಎಲ್ಲರಿಗೂ ಇದನ್ನೇ ಹೇಳಿ ಹೇಳಿ ಗಂಟಲು ಒಣಗಿಹೋಯ್ತು."

ಕೋಚ್ ತಲೆ ಚಚ್ಚಿಕೊಂಡ. "ಬರೀ ಉಳುಕು ಅಂತ ರಿಪೋರ್ಟಲ್ಲಿ ಬರೆದುಬಿಡಯ್ಯಾ, ಆಡಲಿ. ಇವಳಿಲ್ಲದೆ ನಾಳೆ ಸೋಲ್ತೀವಿ."

ಫಿಸಿಯೋನ ತಾಳ್ಮೆ ಕೆಟ್ಟಿತು. ಕೋಚ್‌ನ ಕೈಗಳನ್ನೇ ಎಳೆದು, ಹುಡುಗಿಯ ಎರಡೂ ಮಂಡಿಗಳ ಕೆಳಗಿನ ಮೂಳೆಯನ್ನು ಒಂದೊಂದಾಗಿ ಮೆಲ್ಲಗೆ ಮುಂದಕ್ಕೆ ಜಗ್ಗಿಸಿದ. ಬಲಗಡೆಯದು ಅಲುಗಲಿಲ್ಲ, ಎಡಗಡೆಯದು ಮೇಜಿನ ಡ್ರಾಯರಿನಂತೆ ಜಾರಿ ಬಂತು. ಕೋಚ್ ಬೆಚ್ಚಿ ಕೈಬಿಟ್ಟ.

"ಈಗ ನೀನೇ ಹೇಳಪ್ಪಾ, ಏನಂತ ಬರೀಲಿ?"

"ಮೂಳೆ ಹಿಡಿದಿಡೋ ಲಿಗಮೆಂಟ್ ಹರಿದಿದೆ ಅಂತಲೇ ಬರಿ," ಎಂದ ಕೋಚ್, ಹುಡುಗಿಯ ಮುಖ ನೋಡಲಾಗದೆ.