ಡ್ರಮ್ಮು ನಿಂತ ಮೇಲಿನ ಹೆಜ್ಜೆ

ಹಾಸನದ ಕ್ಲಿನಿಕ್ಕಿನಲ್ಲಿ ನನ್ನ ಹೊಸ ಮಂಡಿಗೆ ನಡಿಗೆ ಕಲಿಸುವ ಹುಡುಗಿ ಮೊಬೈಲಿನಲ್ಲಿ ಟಕ್ ಟಕ್ ಸದ್ದು ಹಾಕಿದಳು. ಹತ್ತು ಹೆಜ್ಜೆ ಚೆಂದವಾಗಿಯೇ ಇಟ್ಟೆ. ಸದ್ದು ನಿಲ್ಲಿಸಿ, "ಈಗ ಅದೇ ತಾಳದಲ್ಲಿ ಬನ್ನಿ ಸಾ" ಎಂದಳು. ಗೋಡೆ ಮುಟ್ಟುವಷ್ಟರಲ್ಲಿ ನನಗೆ ಏದುಸಿರು. "ಯಾಕ್ ಸಾ, ಬಸ್ಸು ಒಂಟೋಯ್ತದಾ?"

ನಗಬೇಡಿ. ಸದ್ದು ನಿಂತೊಡನೆ ಅವಸರಕ್ಕೆ ಬೀಳುವುದು ನಿಮ್ಮದೂ ಚಾಳಿಯೇ ಇದ್ದೀತು. ಆದರೆ ಅದನ್ನು ನಾಯಕತ್ವವೆಂದು ತಿಳಿಯಲು ನಮ್ಮ ಡ್ರಿಲ್ ಮೇಷ್ಟರಂಥವರೇ ಬೇಕು. ಹಳ್ಳಿಮೈಸೂರಿನ ಪಕ್ಕದ ನಮ್ಮೂರ ಶಾಲೆಯಲ್ಲಿ ಅವರು ನಡೆದರೆ ಕಾಲಿಗೊಂದು ತಾಳ, ಹೊಟ್ಟೆಗೊಂದು ತಾಳ.

ಹೊಳೆನರಸೀಪುರದ ಕ್ರೀಡಾಕೂಟದಲ್ಲಿ ಶಾಲೆಯ ಮಾರ್ಚಿನ ಮುಂದೆ ನಡೆಯುವ ಮುಂದಾಳನ್ನು ಆರಿಸಲು ಅವರೊಂದು ಪರೀಕ್ಷೆ ಇಟ್ಟರು. ಗಡಿಯಾರ ನೋಡಿ ಸೆಕೆಂಡಿಗೊಂದು ಏಟು ಡ್ರಮ್ ಬಾರಿಸಿ ನಿಲ್ಲಿಸುವುದು. ನಾವು ಕಣ್ಣು ಮುಚ್ಚಿ ಅದೇ ಲಯದಲ್ಲಿ ನಿಂತಲ್ಲೇ ಕಾಲು ಹಾಕುತ್ತಿರುವುದು. ಎಲ್ಲರೂ ತಪ್ಪಿದೆವು. ತಮಟೆಯ ಕರಿಯಯ್ಯನ ಮಗಳು ಜಯಮ್ಮನ ಕಾಲು ಮಾತ್ರ ಗಡಿಯಾರದ ಮುಳ್ಳಿನ ಜೊತೆಗೇ ಬೀಳುತ್ತಿತ್ತು.

"ತಮಟೆ ಬಡಿಯೋರ ಮನೇದು. ರಕ್ತದಲ್ಲೇ ಬಂದಿರ್ತದೆ, ಲೆಕ್ಕಕ್ಕಿಲ್ಲ" ಎಂದರು ಮೇಷ್ಟರು. ನನ್ನ ರಕ್ತದಲ್ಲಿ ಬಂದದ್ದು ಲೆಕ್ಕಕ್ಕಿತ್ತು: ಶಾಲೆಗೆ ಡ್ರಮ್ಮು ಕೊಡಿಸಿದವರು ನಮ್ಮಜ್ಜ. ನಾನು ಮುಂದಾಳಾದೆ.

ಮೈದಾನದಲ್ಲಿ, ಸರಿಯಾಗಿ ಅತಿಥಿಗಳೆದುರು, ಡ್ರಮ್ಮಿನ ಪಟ್ಟಿ ಕಿತ್ತು ಅದು ಉರುಳಿತು. ಸದ್ದಿಲ್ಲ. ನನ್ನ ಕಾಲಿಗೆ ದೆವ್ವ ಹಿಡಿಯಿತು. ಬೆನ್ನ ಹಿಂದಿನವರೂ ನನ್ನ ಜೊತೆ ಓಡಿದರು. ನಡುವೆ ಇದ್ದ ಜಯಮ್ಮ ಮೊದಲಿನ ಲಯದಲ್ಲೇ ನಡೆದಳು. ಅವಳ ಹಿಂದಿನವರು ಅವಳ ಹೆಜ್ಜೆ ಹಿಡಿದರು. ಒಂದು ಶಾಲೆ ಎರಡಾಗಿ ಅತಿಥಿಗಳನ್ನು ದಾಟಿತು.

ಮೇಷ್ಟರು ಅವಳ ಮೇಲೆ ಹರಿಹಾಯ್ದರು. "ನಿಧಾನ ಮಾಡಿ ಮಾನ ಕಳೆದ್ಯಲ್ಲೇ!"

"ನಾನೆಲ್ಲಿ ನಿಧಾನ ಮಾಡ್ದೆ ಸಾ? ಇವ್ನೇ ಓಡೋದ. ಬೇಕಾರೆ ಕೇಳಿ."

ಕೇಳಿದರು. ನನ್ನತ್ತ ತಿರುಗುವಷ್ಟರಲ್ಲಿ ದನಿ ಬೆಣ್ಣೆಯಾಗಿತ್ತು. "ಓಡಿದ್ಯೇನಪ್ಪಾ?"

"ಇಲ್ಲ ಸಾ."

ಜಯಮ್ಮ ಅಳಲಿಲ್ಲ. "ಕಾಲೂ ಸುಳ್ಳು, ಬಾಯೂ ಸುಳ್ಳು ಕಣ್ಲಾ ನಿಂದು" ಎಂದು ಸಾಲು ಬಿಟ್ಟು ಹೋದವಳು ಮತ್ತೆ ಡ್ರಿಲ್ಲಿಗೆ ಬರಲಿಲ್ಲ. ಮೇಷ್ಟರು ಉತ್ತಮ ಶಿಕ್ಷಕರೆಂದು ಶಾಲು ಹೊದ್ದರು. ನಾನು ಶಾಲೆ ಬಿಡುವವರೆಗೂ ಮುಂದಾಳಾಗಿ ಮೆರೆದೆ. ಆಮೇಲೆ ಕಚೇರಿಯಲ್ಲೂ ಇಂಥದೇ ಅರ್ಹತೆಯಿಂದ ಮೇಲೇರಿದೆ.

"ಸ್ಕೂಲಲ್ಲಿ ಮಾರ್ಚ್ ಮಾಡಿಲ್ವಾ ಸಾ?" ಎಂದಳು ಕ್ಲಿನಿಕ್ಕಿನ ಹುಡುಗಿ. ಇಷ್ಟು ವರ್ಷ ಎದೆಯುಬ್ಬಿಸಿ ಕೊಡುತ್ತಿದ್ದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಮುಂದೆ ನಿಲ್ಸಿದ್ರು ಕಣಮ್ಮ. ಓಡಿದ್ದೆ. ಓಡ್ಲಿಲ್ಲ ಅಂತ ಸುಳ್ಳು ಹೇಳಿದ್ದೆ."

ಅವಳು ನನ್ನ ಮುಖ ನೋಡಿದಳು. "ಆಗ್ಲಿ ಸಾ. ಈಗ ನಿಧಾನಕ್ಕೆ ಬನ್ನಿ."